ಕೊಬ್ಬರಿ ತೂಗೋ ಮಿಷನ್ನಲ್ಲಿ ಟೈರು ತೂಗಿದ್ದು

ಉಪ್ಪಿನಕಾಯಿ, ಹಬ್ಬ, ಬಾಣಂತಿ ಖಾರ ಅಂತ ಬರೀತಿದ್ದೋಳು ಇವತ್ತು ಟೈರಿನ ಮಾತು ತಗದವ್ಳಲ್ಲ, ಇವಳಿಗೇನಾಯ್ತು ಅಂದ್ಕಬ್ಯಾಡಿ. ನಮ್ಮನೆ ಜೀಪಿನ ಟೈರು ಸಿಡಿದ ದಿನ ಅದರೊಳಗೆ ನಾನಿದ್ದೆ. ನಮ್ಮತ್ತೆ ಇದ್ರು. ಪಕ್ಕದ ಮನೆ ಅಕ್ಕ ಇದ್ರು, ಏಳು ತಿಂಗಳ ಬಸುರಿ ಅವರ ಸೊಸೇನೂ ಇದ್ಲು. ಅದಕ್ಕೇ ಈ ವಿಷಯ ಗಂಡಸರಿಗೇ ಬಿಡೋದು ಬ್ಯಾಡ ಅಂತ ಬರೀತಿದೀನಿ. ವಸಿ ತಾಳ್ಮೆ ಇಟ್ಕಂಡು ಓದಿ.

ನಮ್ಮ ಜೀಪು ನಿಮಗೆಲ್ಲಾ ಗೊತ್ತಿರೋದೇ. ದಬ್ಬೇಘಟ್ಟದ ಕಡೆಯಿಂದ ತುರುವೇಕೆರೆಗೋ ತಿಪಟೂರಿಗೋ ಹೊರಟ್ರೆ ಅದು ಬರೀ ಗಾಡಿಯಲ್ಲ, ಬಸ್ಸು, ಲಾರಿ, ಆಂಬುಲೆನ್ಸು ಎಲ್ಲಾ ಅದೇ. ತೋಟಕ್ಕೆ ಗೊಬ್ಬರ, ಮನೆಗೆ ಕಾಯಿ, ಮಂಡಿಗೆ ಕೊಬ್ಬರಿ, ಮದುವೆಗೆ ನಾವು. ಅವತ್ತು ತಿಪಟೂರಿಗೆ ಕೊಬ್ಬರಿ ಹೊರಟಿತ್ತು. ವರ್ಷಗಟ್ಲೆ ಅಟ್ಟದ ಮೇಲೆ ಒಣಗಿದ ಕಾಯಿ ಸುಲಿದು ಒಡೆದು, ಉಂಡೆ ಕೊಬ್ಬರಿ ಬಿಡಿಸಿ, ಎಂಟು ಚೀಲ ಕಟ್ಟಿದ್ವಿ. ನಮ್ಮ ಮೈದುನ ಗಾಡಿ ತಗದ್ರು. ತಿಪಟೂರಿಗೆ ಹೆಂಗೂ ಹೋಗ್ತದಲ್ಲ ಅಂತ ಅತ್ತೆ ಕಣ್ಣು ತೋರಿಸೋಕೆ ಹತ್ತಿದ್ರು. ಪಕ್ಕದ ಮನೆ ಅಕ್ಕ ಸೊಸೆಗೆ ಸ್ಕ್ಯಾನಿಂಗ್ ಮಾಡಿಸೋಕೆ ಹತ್ತಿದ್ರು. ವಾರಗಿತ್ತಿ ಸೀರೆಗೆ, ನಾನು ಅವಳ ಜೊತೆಗೆ. ಅತ್ತೆ, ಬಸುರಿ ಹುಡುಗಿ ಮುಂದೆ ಒತ್ತಿಕೊಂಡು ಕೂತ್ರು. ನಾವು ಮೂವರು ಹಿಂದೆ ಚೀಲದ ಮೇಲೆ. ನೆಂಟರಿಗೆ ಅಂತ ಮೂವತ್ತು ಕಾಯಿ ಬೇರೆ.

ಒಂದು ಕೆರೆ ಏರಿ ಮೇಲೆ ಹೋಗ್ತಿದ್ವಿ. ಪಟಾಕಿ ಹೊಡೆದಂಗೆ ಸದ್ದಾಯ್ತು. ಗಾಡಿ ನೀರಿನ ಕಡೆಗೆ ವಾಲ್ತು. ಮೈದುನ ಬ್ರೇಕ್ ಗಟ್ಟಿಯಾಗಿ ಒತ್ತದೆ, ಸ್ಟೇರಿಂಗ್ ಬಿಗಿಯಾಗಿ ಹಿಡಕಂಡು ನಿಧಾನಕ್ಕೆ ನಿಲ್ಲಿಸಿದ್ರು. ಅದು ಅವರ ಪುಣ್ಯ. ಇಳಿದು ನೋಡಿದ್ರೆ ಹಿಂದಿನ ಎಡಗಡೆ ಟೈರು ಹರಿದ ಚಪ್ಪಲಿ ಥರ ನೇತಾಡ್ತಿತ್ತು. ಏರಿ ಅಂಚು ಅಲ್ಲಿಂದ ಎರಡು ಮೊಳ. ಅತ್ತೆ ಏನೂ ಮಾತಾಡಲಿಲ್ಲ. ಆ ಹುಡುಗಿ ಹೊಟ್ಟೆ ಮೇಲೆ ಕೈಯಿಟ್ಕಂಡು ನಿಂತಿದ್ಲು ನೋಡಿ, ಆ ಮುಖ ನನಗೆ ಈಗ್ಲೂ ಕಣ್ಣಿಗೆ ಕಟ್ಟಿದಂಗೈತೆ.

ಸ್ಟೆಪ್ನಿ ಹಾಕೋಕೆ ಇದ್ದ ಗಂಡಸು ಮೈದುನ ಒಬ್ರೇ, ಅವರಿಗೂ ಸೊಂಟ ನೋವು. ಎಂಟು ಚೀಲಾನೂ ಇಳಿಸಿ, ನಾನು, ವಾರಗಿತ್ತಿ, ಮೈದುನ ಮೂರೂ ಜನ ಸೇರಿ ಚಕ್ರ ಎತ್ತಿ ಕೂರಿಸಿದ್ವಿ. ಆಮೇಲೆ ಬಸುರಿ ಹುಡುಗೀನ, ಅತ್ತೆನ, ಅಕ್ಕನ್ನ ಹಿಂದೆ ಬಂದ ಬಸ್ಸಿಗೆ ಹತ್ತಿಸಿ ಕಳಿಸಿದ್ವಿ.

ಪಂಕ್ಚರ್ ಅಂಗಡಿಯೋರು ಹರಿದ ಟೈರು ರಿಮ್ಮಿಂದ ಬಿಚ್ಚಿದ್ರು. ಒಳಗೆ ಕೈಹಾಕಿ ಒಂದು ಹಿಡಿ ಕರೀ ಪುಡಿ ತಗದು ತೋರಿಸಿದ್ರು, ರಾಗಿ ಹಿಟ್ಟಿನಂಗೆ ನುಣ್ಣಗಿತ್ತು. "ಇದು ಮೊಳೆ ಚುಚ್ಚಿ ಹೋಗಿದ್ದಲ್ಲಮ್ಮ. ಗಾಳಿ ಕಮ್ಮಿ ಇಟ್ಕಂಡು ಭಾರ ಹಾಕಿ ಓಡಿಸಿದೀರ. ಪಕ್ಕೆ ಮಡಚಿ ಮಡಚಿ ಕಾದು, ಒಳಗಡೇನೇ ಸವೆದು ಪುಡಿಯಾಗೈತೆ" ಅಂದ್ರು. ಇನ್ನೊಂದು ಹಿಂದಿನ ಚಕ್ರಕ್ಕೆ ಗೇಜ್ ಹಿಡಿದ್ರು. 22 ಪಿಎಸ್‌ಐ. ಆಗ ಮೈದುನ ತಲೆ ಚಚ್ಚಿಕೊಂಡ್ರು. ಹಿಂದಿನ ದಿನ ತೋಟದ ಕೆಸರಲ್ಲಿ ಗಾಡಿ ಸಿಕ್ಕಾಕ್ಕಂಡಿತ್ತು. ಗಾಳಿ ಬಿಟ್ರೆ ಟೈರು ಅಗಲ ಆಗಿ ಕೆಸರಲ್ಲಿ ಹಿಡಿತ ಸಿಗ್ತದೆ, ಅದು ನಿಜ. ಬಿಟ್ಟಿದ್ರು. ತಿರುಗಾ ತುಂಬಿಸೋದು ಮರೆತಿದ್ರು.

"ಏಟು ತೂಕ ಹಾಕಿದ್ರಿ?" ಅಂತ ಅಂಗಡಿಯೋರು ಕೇಳಿದ್ರು. ಮೈದುನ "ನಾನೂರು ಕೆ.ಜಿ., ಎಂಟು ಚೀಲ" ಅಂದ್ರು.

ನಾನು ಅಲ್ಲೇ ನಿಂತಿದ್ದೆ. ನಮ್ಮನ್ನ ಯಾರೂ ಲೆಕ್ಕಕ್ಕೆ ಸೇರಿಸಿಲ್ಲ ಅಂತ ಆಗ ಹೊಳೀತು.

ನಮ್ಮಪ್ಪ ಗಾಡಿ ಹೂಡ್ತಿದ್ದ ಕಾಲದಲ್ಲಿ ಈ ಪ್ರಶ್ನೇನೇ ಬರ್ತಿರಲಿಲ್ಲ. ಭಾರ ಜಾಸ್ತಿ ಆದ್ರೆ ಎತ್ತು ಕತ್ತು ತಗ್ಗಿಸೋದು, ದಿಣ್ಣೆ ಹತ್ರ ಬಂದು ನಿಂತೇಬಿಡೋದು. ಅಪ್ಪ ಇಳಿದು, "ಇಳೀರಮ್ಮ ಎಲ್ಲಾ, ಬಸವಣ್ಣ ಹೇಳ್ತಾವ್ನೆ" ಅಂತ ನಮ್ಮನ್ನೆಲ್ಲಾ ನಡೆಸೋರು. ಟೈರು ಹಂಗೆ ಹೇಳಲ್ಲ. ಸಿಡಿಯೋ ಗಳಿಗೆವರೆಗೂ ಸುಮ್ನೆ ಹೊರ್ತಾ ಇರ್ತದೆ. ಆದ್ರೆ ಅದರ ಮೈಮೇಲೆ ಬರೆದಿರ್ತದೆ. ನಾವು ಓದಲ್ಲ, ಅಷ್ಟೆ.

ಆ ರಾತ್ರಿ ತುಮಕೂರಲ್ಲಿ ಓದ್ತಿರೋ ಮಗಳಿಗೆ ಫೋನ್ ಮಾಡಿ, ಟೈರಿನ ಮೇಲೆ ಇದ್ದಿದ್ದನ್ನ ಟಾರ್ಚ್ ಹಿಡಕಂಡು ಒಂದೊಂದೇ ಓದಿ ಹೇಳಿದೆ. 235/70 ಆರ್16 105 ಎಸ್. ಅವಳು ಬಿಡಿಸಿ ಹೇಳಿದ್ಲು. 235 ಅಂದ್ರೆ ಟೈರಿನ ಅಗಲ, ಮಿಲಿಮೀಟರಲ್ಲಿ. 70 ಅಂದ್ರೆ ಪಕ್ಕೆಯ ಎತ್ತರ, ಅಗಲದ ನೂರಕ್ಕೆ ಎಪ್ಪತ್ತು ಪಾಲು. 16 ರಿಮ್ಮಿನ ಇಂಚು. ಕೊನೇಲಿರೋ 105 ನೋಡಿ, ಅದೇ ಭಾರದ ನಂಬರ್ರು. 105 ಅಂದ್ರೆ 105 ಕೆ.ಜಿ. ಅಲ್ಲ. ಅದಕ್ಕೊಂದು ಪಟ್ಟಿ ಐತೆ, ದೇಶದೇಶಕ್ಕೂ ಒಂದೇ. 100 ಇದ್ರೆ ಒಂದು ಟೈರು 800 ಕೆ.ಜಿ. ಹೊರ್ತದೆ. 105ಕ್ಕೆ 925. 106ಕ್ಕೆ 950. 108ಕ್ಕೆ 1000. ಅಕ್ಷರ ವೇಗಕ್ಕೆ. ಎಸ್ ಅಂದ್ರೆ ಗಂಟೆಗೆ 180 ಕಿ.ಮೀ., ಕ್ಯೂ ಅಂದ್ರೆ 160. ನಿಮ್ಮ ಸ್ಕೂಟರಲ್ಲೂ ಇರ್ತದೆ. ನಮ್ಮನೆ ಸ್ಕೂಟರಿನ ಹಿಂದಿನ ಚಕ್ರದಲ್ಲಿ 53 ಜೆ ಅಂತೈತೆ. ಅಂದ್ರೆ 206 ಕೆ.ಜಿ., ಗಂಟೆಗೆ 100 ಕಿ.ಮೀ.

ಇನ್ನೊಂದು ಕಡೆ ಉದ್ದುದ್ದ ಮೊಟ್ಟೆಯಾಕಾರದ ಗೆರೆ ಒಳಗೆ ನಾಲ್ಕು ಅಂಕಿ ಇತ್ತು, 2615. ಅದು ಟೈರು ಹುಟ್ಟಿದ ದಿನ. 2015ನೇ ಇಸವಿಯ 26ನೇ ವಾರ. ಜೀಪು ನಾವು ಕೊಂಡಿದ್ದು ಎರಡನೇ ಕೈಯಿಂದ. ಟೈರಿನ ಹಲ್ಲು ಚೆನ್ನಾಗೇ ಇತ್ತು, ವಯಸ್ಸು ಯಾರೂ ಕೇಳಿರಲಿಲ್ಲ.

ಆಮೇಲೆ ಲೆಕ್ಕ. ಆರ್‌ಸಿ ಕಾರ್ಡಲ್ಲಿ ಜೀಪಿನ ಖಾಲಿ ತೂಕ 1690 ಕೆ.ಜಿ., ತುಂಬಿದ ಮೇಲೆ ಇರಬೌದಾದ ಒಟ್ಟು ತೂಕ 2270 ಅಂತ ಇತ್ತು. ಅಂದ್ರೆ ಹಾಕಬೌದಾಗಿದ್ದು 580. ಅದರಲ್ಲೇ ಓಡಿಸೋರೂ ಸೇರಿ. ನಾವು ಹಾಕಿದ್ದು? ಅದನ್ನ ತಿಳಕಳಾಕೆ ಕೊಬ್ಬರಿ ತೂಗೋ ಮಿಷನ್ನು ಹಜಾರಕ್ಕೆ ತಂದೆ. ಅವತ್ತು ಗಾಡೀಲಿದ್ದೋರೆಲ್ಲಾ ಹತ್ತಿ ಅಂದೆ. ವಾರಗಿತ್ತಿ ಒಪ್ಪಲೇ ಇಲ್ಲ. "ನನ್ನೇನು ಮಂಡಿಗೆ ಹಾಕ್ತೀಯೇನಕ್ಕ" ಅಂತ ಬಾಗಿಲ ಹಿಂದೆ ಹೋಗಿ ನಿಂತ್ಲು. ಅತ್ತೆ ಮೊದಲು ಹತ್ತಿದ್ರು, 47. ನಾನು 61. ಪಕ್ಕದ ಮನೆ ಅಕ್ಕ 55, ಅವರ ಸೊಸೆ 60. ಮೈದುನ 72. ಕೊನೆಗೆ ವಾರಗಿತ್ತಿ ಕಣ್ಣು ಮುಚ್ಕಂಡು ಹತ್ತಿದ್ಲು, ನಂಬರ್ರು ಇಲ್ಲಿ ಬರಿಯಲ್ಲ ಅಂತ ಭಾಷೆ ಕೊಟ್ಟಿದೀನಿ. ಎಲ್ಲಾರ್ದೂ ಸೇರಿ 363. ಮೂವತ್ತು ಕಾಯಿ 17. ಕೊಬ್ಬರಿ 400. ಒಟ್ಟು 780 ಕೆ.ಜಿ. ಇನ್ನೂರು ಕೆ.ಜಿ. ಹೆಚ್ಚು.

ಅಲ್ಲಿಗೆ ನಗು ನಿಂತೋಯ್ತು.

ಆದ್ರೂ ಮೈದುನ ಒಪ್ಪಲಿಲ್ಲ. "ಒಂದು ಟೈರು 925 ಅಂದ್ರೆ ನಾಲ್ಕಕ್ಕೆ 3700. ಗಾಡಿ, ಭಾರ ಎಲ್ಲಾ ಸೇರಿದ್ರೂ 2470. ಟೈರಿಗೇನು ಕಷ್ಟ?" ಅಂದ್ರು. ಕೇಳೋಕೆ ಸರಿಯಾಗೇ ಐತೆ ನೋಡಿ. ನಾನೂ ವಸಿ ಹೊತ್ತು ಸುಮ್ಮನಾದೆ. ಮಗಳು ಎರಡು ತಪ್ಪು ತೋರಿಸಿದ್ಲು. ಒಂದು, ಭಾರ ನಾಲ್ಕು ಚಕ್ರಕ್ಕೂ ಸಮ ಹಂಚಲ್ಲ. ಚೀಲವೂ ನಾವೂ ಹಿಂದೆ. ಹಿಂದಿನ ಎರಡು ಚಕ್ರದ ಮೇಲೇ ಹೆಚ್ಚುಕಮ್ಮಿ 1450, ಅಂದ್ರೆ ಒಂದೊಂದಕ್ಕೆ 725. ಎರಡು, ಆ 925 ಅನ್ನೋದು ಪೂರ್ತಿ ಗಾಳಿ ಇದ್ದಾಗಿನ ಮಾತು, ಇಂಥಾ ಟೈರಿಗೆ 36 ಪಿಎಸ್‌ಐ ಆಸುಪಾಸು. 22ಕ್ಕೆ ಇಳಿಸಿದ್ರೆ ಹೊರೋ ಶಕ್ತಿ ಮೂರರಲ್ಲಿ ಎರಡು ಪಾಲಿಗೆ ಬರ್ತದೆ, ಸುಮಾರು 620. ಅದರ ಮೇಲೆ 725. ಜೊತೆಗೆ ಟೈರಿಗೆ ವಯಸ್ಸು, ರಸ್ತೆ ಬಿಸಿಲು. ಇನ್ನೇನಾಗಬೇಕು?

ಭಾರ ಹೊರೋದು ರಬ್ಬರಲ್ಲ, ಒಳಗಿರೋ ಗಾಳಿ. ರಬ್ಬರು ಆ ಗಾಳೀನ ಹಿಡಕಂಡಿರೋ ಚೀಲ. ಗಾಳಿ ಟೈರು 1888ರಲ್ಲಿ ಮಾಡಿದ ಡನ್‌ಲಪ್ ಅನ್ನೋರು ದನದ ಡಾಕ್ಟ್ರಂತೆ. ಮಗನ ಮೂರುಚಕ್ರದ ಸೈಕಲ್ಲು ಕುಲುಕಬಾರದು ಅಂತ ಮಾಡಿದ್ದಂತೆ. ಮಗೂಗೋಸ್ಕರ ತುಂಬಿದ ಗಾಳಿ, ಹೊಟ್ಟೇಲಿ ಮಗು ಇಟ್ಕಂಡೋಳು ಕೂತಿದ್ದಾಗ ನಮ್ಮ ಗಾಡೀಲಿ ಇರಲಿಲ್ಲ.

ಈಗ ಹೊಸ ಟೈರು ತರಬೇಕು. ವಾರಗಿತ್ತಿ ಮಗ ಫೋನಲ್ಲಿ ಒಂದು ಚಿತ್ರ ತೋರಿಸಿದ. "ದೊಡ್ಡಮ್ಮ, ಇದು ಹಾಕ್ಸಣ. ಮಡ್ ಟೈರು. ಬೆಟ್ಟ ಬೇಕಾದ್ರೂ ಹತ್ತುತ್ತೆ, ಇನ್ನು ಸಿಡಿಯೋ ಮಾತೇ ಇಲ್ಲ." ಹಲ್ಲು ಒಂದೊಂದೂ ಹೋಳಿಗೆ ಕಣಕದುಂಡೆ ಗಾತ್ರ. ಸಿಡಿದ ಭಯ ಹಸಿಯಾಗಿದ್ದಾಗ ದಪ್ಪ ಕಂಡಿದ್ದೆಲ್ಲಾ ಗಟ್ಟಿ ಅನ್ನಿಸ್ತದೆ. ಮೈದುನನಿಗೂ ಮನಸ್ಸಾಯ್ತು. ನಾನು, "ನಡೀರಿ, ನಾನೂ ಬರ್ತೀನಿ" ಅಂದೆ.

ತಿಪಟೂರಿನ ಟೈರ್ ಅಂಗಡೀಲಿ ಮೂರು ನಮೂನೆ ತಗದು ಇಟ್ರು. ಮೊದಲನೇದು ನಮ್ಮ ಹಳೇದರಂಗೇ ರಸ್ತೆ ಟೈರು, 105. ಎರಡನೇದು ಅದೇ ಅಳತೆ ಮಡ್ ಟೈರು, 106 ಕ್ಯೂ. ಮೂರನೇದು ಇನ್ನೂ ದಪ್ಪ, 245/75 ಆರ್16, ಹಿಂದೆ ಎಲ್‌ಟಿ ಅಂತ ಇತ್ತು, 120/116, ಹತ್ತು ಪ್ಲೈ. ಮುಂಚೆ ಪ್ಲೈ ಅಂದ್ರೆ ನಿಜವಾಗ್ಲೂ ಒಳಗಿನ ಹತ್ತಿ ಬಟ್ಟೆ ಪದರ ಎಣಿಸಿ ಹೇಳ್ತಿದ್ರು, ಈಗ ಅದು ಬರೀ ಶಕ್ತಿಯ ಅಳತೆ. ಎರಡು ನಂಬರ್ರು ಯಾಕೆ ಅಂದ್ರೆ, ಒಂದೊಂದೇ ಚಕ್ರ ಇದ್ದಾಗ 120, ಲಾರಿ ಥರ ಜೋಡಿ ಚಕ್ರ ಇದ್ದಾಗ 116. 120 ಅಂದ್ರೆ 1400 ಕೆ.ಜಿ.

ತೂಕ ಏಟು ಅಂತ ಕೇಳಿದೆ. ಭಾರದ ನಂಬರ್ ತೋರಿಸಿದ್ರು. "ಅದು ಹೊರೋ ತೂಕ. ಟೈರಿನ ಸ್ವಂತ ತೂಕ ಏಟು?" ಅಂದೆ. ಯಾರೂ ಕೇಳಿಲ್ಲವಂತೆ. ಹತ್ರದ ಕೊಬ್ಬರಿ ಅಂಗಡಿಯಿಂದ ತೂಕದ ಮಿಷನ್ನು ತರಿಸಿದ್ವಿ. ಹುಡುಗ್ರು ನಗಾಡ್ತಾ ಒಂದೊಂದೇ ಇಟ್ರು. ರಸ್ತೆ ಟೈರು 14 ಕೆ.ಜಿ. ಮಡ್ ಟೈರು ಹತ್ತೊಂಬತ್ತೂವರೆ. ಆ ದಪ್ಪನೇದು 22.

ಈಗ ನೋಡಿ ನಮ್ಮ ಹೆಂಗಸರ ಲೆಕ್ಕ. ಮಡ್ ಟೈರು ಐದೂವರೆ ಕೆ.ಜಿ. ಹೆಚ್ಚು ತೂಗ್ತದೆ, ಹೊರೋದು ಎಷ್ಟು ಹೆಚ್ಚು? 105ರಿಂದ 106, ಬರೀ 25 ಕೆ.ಜಿ. ಆ ತೂಕವೆಲ್ಲಾ ಹಲ್ಲಿಗೆ ಹೋಗೈತೆ, ಹೊರೋ ಶಕ್ತಿಗಲ್ಲ. ತೋಟದ ಕೆಸರಲ್ಲಿ ಅದು ಒಳ್ಳೇದೇ, ಇಲ್ಲ ಅನ್ನಲ್ಲ. ಆದ್ರೆ ನಮ್ಮ ಜೀಪು ಕೆಸರಲ್ಲಿ ಇರೋದು ವರ್ಷಕ್ಕೆ ಹದಿನೈದು ದಿನ, ಟಾರು ರಸ್ತೇಲಿ ಮುನ್ನೂರು ದಿನ.

ದಪ್ಪನೇದು ನಿಜಕ್ಕೂ ಹೆಚ್ಚು ಹೊರ್ತದೆ. ಆದ್ರೆ ಆ 1400 ಸಿಗಬೇಕಾದ್ರೆ 80 ಪಿಎಸ್‌ಐ ಗಾಳಿ ಬೇಕು. ನಮ್ಮ ಜೀಪಿಗೆ ಅಷ್ಟು ತುಂಬಿದ್ರೆ ಕಬ್ಬಿಣದ ಪಟ್ಟಿ ಹಾಕಿದ ಎತ್ತಿನ ಗಾಡೀಲಿ ಕೂತಂಗೆ, ನಡು ಮುರೀತದೆ. ಮೆತ್ತಗಿರಲಿ ಅಂತ 35 ತುಂಬಿದ್ರೆ ಹೊರೋ ಶಕ್ತಿ ಅರ್ಧಕ್ಕಿಂತ ವಸಿ ಮೇಲೆ, ಅಷ್ಟೆ. ಅಷ್ಟು ಗಾಳಿಗೆ ನಮ್ಮ ಹಳೇ ನಮೂನೇದೇ ಅದಕ್ಕಿಂತ ಹೆಚ್ಚು ಹೊರ್ತದೆ. ಇದು ಕೇಳಿ ವಾರಗಿತ್ತಿ ಮಗ ಬಾಯಿ ಮುಚ್ಚಿದ.

ಇನ್ನೊಂದು. ಎಂಟು ಕೆ.ಜಿ. ಹೆಚ್ಚು ಅಂದ್ರೆ ಸ್ಟೆಪ್ನಿ ಸೇರಿ ಐದಕ್ಕೆ 40 ಕೆ.ಜಿ. ಗಾಡಿಯ ಒಟ್ಟು ತೂಕದ ಮಿತಿ ಅದೇ 2270 ಇರ್ತದೆ, ಟೈರು ಬದಲಾಯಿಸಿದ್ರೆ ಆರ್‌ಸಿ ಬದಲಾಗಲ್ಲ. ಸ್ಪ್ರಿಂಗು, ಆಕ್ಸಲ್ಲು, ಬ್ರೇಕು ಎಲ್ಲಾ ಹಳೇವೇ. ಹಂಗಾಗಿ ಆ 40 ಕೆ.ಜಿ. ನಾವು ಹಾಕೋ ಸರಕಿನಿಂದಲೇ ಕಳೀಬೇಕು. ಹೆಚ್ಚುಕಮ್ಮಿ ಒಂದು ಚೀಲ ಕೊಬ್ಬರಿ ಮಾರದೇನೇ ಊರೂರು ಹೊತ್ಕಂಡು ತಿರುಗಿದಂಗೆ. ಅದೂ ಸುಮ್ನೆ ಕೂತಿರೋ ಭಾರ ಅಲ್ಲ, ತಿರುಗೋ ಭಾರ. ಒರಳು ಕಲ್ಲಲ್ಲಿ ಹಿಟ್ಟು ರುಬ್ಬಿದೋರಿಗೆ ಗೊತ್ತು, ದೊಡ್ಡ ಗುಂಡು ತಿರುಗಿಸಾಕೂ ಕಷ್ಟ, ತಿರುಗ್ತಿರೋದನ್ನ ನಿಲ್ಲಿಸಾಕೂ ಕಷ್ಟ. ಹಂಗೇ ಗಾಡಿ ಎಳೆಯೋಕೆ ಡೀಸೆಲ್ ಹೆಚ್ಚು, ನಿಲ್ಲೋಕೆ ಬ್ರೇಕಿಗೆ ಕೆಲಸ ಹೆಚ್ಚು.

"ಟ್ರ್ಯಾಕ್ಟರ್ ಟೈರಿಗೆ ನೀರು ತುಂಬಿಸಿ ತೂಕ ಹೆಚ್ಚಿಸ್ತಾರಲ್ಲ ಅತ್ತಿಗೆ?" ಅಂದ್ರು ಮೈದುನ. ಹೌದು, ಹಿಂದಿನ ದೊಡ್ಡ ಚಕ್ರಕ್ಕೆ ಮುಕ್ಕಾಲು ಭಾಗ ನೀರು ತುಂಬಿಸ್ತಾರೆ. ಅದು ನೇಗಿಲು ಎಳೆಯೋವಾಗ ಜಾರಬಾರದು ಅಂತ. ಅದರ ಟೈರಿನ ಮೇಲೆ ಎ8 ಅಂತ ಇರ್ತದೆ, ಗಂಟೆಗೆ 40 ಕಿ.ಮೀ. ಅಷ್ಟೆ. ಹೊಲದ ಕೆಲಸಕ್ಕೆ ತೂಕ ಬೇಕು, ಬಸುರಿ ಹೆಂಗಸಿನ ಕರ್ಕಂಡು ಆಸ್ಪತ್ರೆಗೆ ಹೋಗೋಕೆ ಬೇಕಿಲ್ಲ.

ಕೊನೇದಾಗಿ ನಾನೊಂದು ಕೇಳಿದೆ. "ರಾತ್ರಿ ಹೊತ್ತು ಪಂಕ್ಚರ್ ಆಗಿ, ಗಾಡೀಲಿ ನನ್ನ ಮಗಳು, ಅತ್ತೆ ಇಬ್ರೇ ಇದ್ರೆ ಇದನ್ನ ಎತ್ತೋರು ಯಾರು?" ದಪ್ಪ ಟೈರು 22, ರಿಮ್ಮು ಸೇರಿದ್ರೆ ಮೂವತ್ತು ದಾಟ್ತದೆ. ಜೀಪು ಈಗ ನನ್ನ ಮಗಳೂ ಓಡಿಸ್ತಾಳೆ. ಅವಳು ಎತ್ತೋಕಾಗದ ಚಕ್ರ ನಮ್ಮ ಗಾಡಿಗೆ ಬ್ಯಾಡ. ಅಂಗಡಿಯೋರು ಒಂದು ಗಳಿಗೆ ಸುಮ್ಮನಿದ್ದು, ಒಳಗಿಂದ ನಾಲ್ಕನೇದೊಂದು ತಂದ್ರು. ರಸ್ತೆಗೂ ತೋಟಕ್ಕೂ ಆಗೋದು, ಆಲ್ ಟೆರೇನ್ ಅಂತಾರಲ್ಲ, ಅದು. ನಮ್ಮ ಅಳತೇದೇ, 106. ಮಿಷನ್ ಮೇಲಿಟ್ವಿ, 16 ಕೆ.ಜಿ. ಹುಟ್ಟಿದ ವಾರ ನೋಡಿದೆ, ಹೊಸದೇ. ಐದು ತಗಂಡ್ವಿ. ಉಳಿದ ದುಡ್ಡಲ್ಲಿ ಒಂದು ಗಾಳಿ ಗೇಜು, ಬ್ಯಾಟರಿಗೆ ಸಿಗಿಸೋ ಸಣ್ಣ ಗಾಳಿ ಪಂಪು ತಂದ್ವಿ. ತೋಟದಲ್ಲಿ ಗಾಳಿ ಬಿಡೋದು ಬಿಡ್ಲಿ, ರಸ್ತೆಗೆ ಬರೋ ಮುಂಚೆ ತುಂಬಿಸ್ಲಿ.

ಈಗ ಅಡಿಗೆಮನೆ ಬಾಗಿಲ ಹಿಂದೆ, ಹಾಲಿನ ಲೆಕ್ಕದ ಪಕ್ಕ ಒಂದು ಚೀಟಿ ಅಂಟಿಸಿದೀನಿ. ಮೇಲೆ 580 ಅಂತ ಬರೆದೈತೆ. ಕೆಳಗೆ ನಮ್ಮೆಲ್ಲಾರ ತೂಕ. ವಾರಗಿತ್ತೀದು ಅವಳೇ ಬರ್ಕಂಡವ್ಳೆ, ನಾಲ್ಕು ಕೆ.ಜಿ. ಕಮ್ಮಿ ಮಾಡಿ. ನಾನು ಪಕ್ಕದಲ್ಲಿ ಸಣ್ಣಕ್ಕೆ ನಾಲ್ಕು ಸೇರಿಸಿದೀನಿ. ಜನ ಹತ್ತಿದ್ರೆ ಚೀಲ ಇಳೀಬೇಕು, ಚೀಲ ಹತ್ತಿದ್ರೆ ಜನ ಬಸ್ಸಿಗೆ. ಸರಕಿನ ಮೇಲೆ ಕೂರೋದಂತೂ ಇಲ್ಲವೇ ಇಲ್ಲ, ಅದು ಕಾನೂನಿಗೂ ತಪ್ಪು. ಅವತ್ತು ಕೊಬ್ಬರಿ ತೂಕ ಗೊತ್ತಿತ್ತು, ಯಾಕಂದ್ರೆ ಅದಕ್ಕೆ ಬೆಲೆ ಇತ್ತು. ನಮ್ಮದು ಯಾರಿಗೂ ಗೊತ್ತಿರಲಿಲ್ಲ. ನಮಗೇ ಗೊತ್ತಿರಲಿಲ್ಲ, ಯಾರನ್ನ ಬಯ್ಯೋದು?

ಪಕ್ಕದ ಮನೆ ಹುಡುಗಿಗೆ ಹೆಣ್ಣು ಮಗು ಆಯ್ತು. ಆಸ್ಪತ್ರೆಯಿಂದ ಕರ್ಕಂಡು ಬರೋಕೆ ನಮ್ಮ ಜೀಪೇ ಹೋಯ್ತು. ಹೊರಡೋ ಮುಂಚೆ ಮೈದುನ ಹೇಳಿಸಿಕೊಳ್ಳದೇ ನಾಲ್ಕೂ ಚಕ್ರಕ್ಕೆ ಗೇಜ್ ಹಿಡಿದ್ರು. ಬಂದ ಮೇಲೆ ಅತ್ತೆ ಚೀಟಿ ಕೆಳಗೆ ಮಗೂದೂ ಬರೀ ಅಂದ್ರು. ಬರೆದೆ, 2 ಕೆ.ಜಿ. 800 ಗ್ರಾಂ.

ನಾಳೆ ಬಾಗಿಲಿಗೆ ನೀರು ಹಾಕೋವಾಗ ನಿಮ್ಮನೆ ಗಾಡಿ ಹತ್ರ ವಸಿ ಬಗ್ಗಿ ನೋಡಿ. ಭಾರದ ನಂಬರ್ರು, ಹುಟ್ಟಿದ ವಾರ, ಎರಡೂ ಬರ್ಕಳಿ. ಬಾಗಿಲ ಹತ್ರ ಗಾಳಿ ಏಟಿರಬೇಕು ಅಂತ ಚೀಟಿ ಅಂಟಿಸಿರ್ತಾರೆ, ಅದನ್ನೂ ಓದಿ. ಮನೆಯೋರು "ನಿಂಗ್ಯಾಕೆ ಅದೆಲ್ಲಾ" ಅಂದ್ರೆ, ಆ ಗಾಡೀಲಿ ಕೂರೋಳು ನಾನು ಅಂತ ಹೇಳಿ.

ಮುಂದಿನ ಸಲ ಕೊಬ್ಬರಿ ಮಿಠಾಯಿ ಬರೀತೀನಿ, ಬಯ್ಕಬ್ಯಾಡಿ.